ಕಷಾಯದಂತೆ ಕುದಿಸಿದ ನೀರು

ಕುಪ್ಪೇಲೂರಿನ ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಅದಕ್ಕೇ ಯಜಮಾನರ ಮೊಣಕಾಲು ಬಿಗಿದಿವೆ ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದ್ದರು. ಅಂದಿನಿಂದ ಅವರು ಕುಡಿಯುವ ನೀರನ್ನು ನಾನು ಕಷಾಯದಂತೆ ಅರ್ಧಕ್ಕಿಳಿಯುವವರೆಗೆ ಕುದಿಸುತ್ತಿದ್ದೆ. ಎರಡು ವರ್ಷದ ಮೇಲೆ ಫಿಲ್ಟರ್ ಕೊಡಲು ಬಂದ ಆರೋಗ್ಯ ಕಾರ್ಯಕರ್ತೆ ಒಲೆಯ ಮೇಲಿನ ಪಾತ್ರೆ ನೋಡಿದಳು.

“ಕುದಿಸಿದ್ರ ಹೋಗಂಗಿಲ್ರಿ ಅಕ್ಕಾರ. ನೀರಷ್ಟ ಆವಿ ಆಕ್ಕತಿ, ಉಳದ ನೀರಾಗ ಫ್ಲೋರೈಡ್ ಇನ್ನಷ್ಟ ಹೆಚ್ಚಾಕ್ಕತಿ. ಈ ಫಿಲ್ಟರಿನ್ಯಾಗಿನ ಬಿಳಿ ಹರಳು ಅದನ್ನ ಹಿಡೀತಾವ.”

ಪಡಸಾಲೆಯಿಂದ ಯಜಮಾನರು ಕೂಗಿದರು: “ಆ ಡಬ್ಬಿ ಯಾಕ ಬೇಕು? ನಮ್ಮಾಕಿ ಕುದಿಸಿದ ನೀರಿನ ಮುಂದ ಯಾವುದೂ ಇಲ್ಲ!”

ನಾನು ಫಿಲ್ಟರನ್ನು ತೆಗೆದುಕೊಂಡು ಅಡುಗೆಮನೆಯಲ್ಲಿಟ್ಟೆ. ಸಂಜೆ ಫಿಲ್ಟರ್ ನೀರನ್ನೇ ಬೆಚ್ಚಗೆ ಮಾಡಿ ಕೊಟ್ಟೆ. ಕುದಿಸಿದ್ದೆಂದೇ ನಂಬಿ ಕುಡಿದರು. ಕೊನೆಯವರೆಗೂ ಹಾಗೆಯೇ ಕುಡಿದರು, ನಾನೂ ಹೇಳಲಿಲ್ಲ.