ಕಣ್ಣಳತೆಯ ಐವತ್ತೆಂಟು ಕಿಲೋ

ಕಳೆದ ವಾರ ಚೆಟ್ಟಳ್ಳಿಯಲ್ಲಿ ಜೀಪಿನಿಂದ ಇಳಿದಾಗ ಹಣ್ಣು ಕಾಫಿಯ ಹುಳಿವಾಸನೆ ಮೂಗಿಗೆ ಬಡಿಯಿತು. ಪಕ್ಕದ ತೋಟದಲ್ಲಿ ಪಿಕ್ಕಿಂಗ್ ಮುಗಿಸಿ ಚೀಲಗಳನ್ನು ತೂಗುತ್ತಿದ್ದರು. ಆ ತಕ್ಕಡಿಯ ಕೊಕ್ಕೆ ಕಂಡದ್ದೇ ತಡ, ನನಗೆ ನನ್ನ ಮೇಲೇ ಸಿಟ್ಟು ನೆತ್ತಿಗೇರಿತು.

ನನ್ನ ಅವ್ವ ಹಣ್ಣು ಕೊಯ್ಯುತ್ತಿದ್ದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರಿದ್ದರು. ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆಲ್ಲ ಅವರು ರೈಟರ್ ಮಾಮ. ದಿನದ ಕೊಯ್ಲನ್ನು ತೂಗಿ ಬರೆದುಕೊಳ್ಳುವುದು ಅವರ ಕೆಲಸ. ಹೊತ್ತಾಯ್ತು, ಅಂದಾಜಿಗೆ ಬರ್ಕೊಳ್ಳಿ ಎಂದು ಹೆಂಗಸರು ಗೋಗರೆದರೂ ಜಗ್ಗುತ್ತಿರಲಿಲ್ಲ. "ಕಣ್ಣಳತೆ ಎಲ್ಲಾ ಬ್ಯಾಡ, ಕೊಕ್ಕೆಗೆ ಹಾಕವ್ವ" ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ನಾನು ನರ್ಸಾಗಿದ್ದ ಆಸ್ಪತ್ರೆಗೆ ಮಾಮ ಕಾಲಿನ ಹುಣ್ಣು ಮಾಯದೆ ಬಂದು ಸೇರಿದರು. ದಪ್ಪ ಸ್ವೆಟರು, ಮೇಲೊಂದು ಕಂಬಳಿ. ಸೇರಿದವರಿಗೆಲ್ಲ ಒಂದು ಹಾಳೆ ತುಂಬಬೇಕಿತ್ತು. ತೂಕ ಎಷ್ಟು, ಇತ್ತೀಚೆಗೆ ಇಳಿದಿದೆಯೇ, ಊಟ ಕಡಿಮೆಯಾಗಿದೆಯೇ... ಆಹಾರ ಸಾಲದೆ ಸೊರಗಿದವರನ್ನು ಮೊದಲ ದಿನವೇ ಗುರುತಿಸಲೆಂದು ಮಾಡಿದ ಹಾಳೆ ಅದು. ನಮಗೋ ಅದು ತಪಾಸಣೆಗೆ ಬಂದ ಅಧಿಕಾರಿಗಳಿಗೆ ತೋರಿಸುವ ಕಾಗದವಷ್ಟೇ. "ಖಾಲಿ ಬಿಡ್ಬೇಡಿ, ಅಷ್ಟೇ" ಎಂದಿದ್ದರು ಮೇಲಿನವರು. ತೂಕದ ಯಂತ್ರದ ಮೇಲೆ ಫೈಲು ಪೇರಿಸಿಟ್ಟಿದ್ದೆವು. ಥೂ, ನಮ್ಮ ಜನ್ಮಕ್ಕೆ!

"ಊಟ ಆಯ್ತಾ ಮಾಮ?" ಎಂದೆ.

"ಆಯ್ತವ್ವ, ಆಯ್ತು. ನಿಂದಾಯ್ತಾ?"

ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಹಸಿದವರೂ ಆಯ್ತು ಎನ್ನುತ್ತಾರೆ, ಅದು ಮರ್ಯಾದೆ. ಗೊತ್ತಿದ್ದೂ ಅದನ್ನೇ ನಿಜವೆಂದು ಬರೆದುಕೊಂಡೆ. ಸ್ವೆಟರು ನೋಡಿ ತೂಕ ಐವತ್ತೆಂಟು ಎಂದು ಹಾಕಿದೆ. ಅಪಾಯವಿಲ್ಲ ಎಂಬಲ್ಲಿ ಟಿಕ್ ಮಾಡಿದೆ. ದಿನಾ ಅವರ ತಟ್ಟೆ ತುಂಬಿದ್ದಂತೆಯೇ ವಾಪಸು ಹೋಗುತ್ತಿತ್ತು, ಯಾರೂ ಕೇಳಲಿಲ್ಲ.

ಹತ್ತನೇ ದಿನವೂ ಹುಣ್ಣು ಕೊಳೆಯುತ್ತಲೇ ಇತ್ತು. ಹೊಸದಾಗಿ ಬಂದ ಡಾಕ್ಟರು ಫೈಲುಗಳನ್ನು ನೆಲಕ್ಕೆ ತಳ್ಳಿ ಅವರನ್ನು ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೊಂಬತ್ತು!

ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಮೂರು ತಿಂಗಳಿಂದ ಗಂಜಿ ತಿಳಿ ಬಿಟ್ರೆ ಏನೂ ಸೇರ್ತಿರ್ಲಿಲ್ಲ ಕಣವ್ವ. ನೀನು ಸರಿಯಾಗಿ ಕೇಳ್ಲೇ ಇಲ್ವಲ್ಲ."

ಆಮೇಲೆ ಪೌಷ್ಟಿಕ ಪುಡಿ, ಮೂಗಿಗೆ ನಳಿಕೆ... ಎಲ್ಲವೂ ಬಂತು. ಹುಣ್ಣು ಮಾಯಿಸುವಷ್ಟು ತ್ರಾಣ ಮೈಯಲ್ಲಿ ಉಳಿದಿರಲಿಲ್ಲ. ಎರಡು ವಾರದಲ್ಲಿ ಹೋಗಿಬಿಟ್ಟರು.

ಈಗ ನಾನು ಯಾರ "ಆಯ್ತು" ಎಂಬ ಮಾತನ್ನೂ ನಂಬುವುದಿಲ್ಲ. ಏನು ತಿಂದ್ರಿ, ಎಷ್ಟು ತುತ್ತು, ತಟ್ಟೆ ತೋರಿಸಿ ಎಂದು ಪೀಡಿಸುತ್ತೇನೆ. ಜಗಳಗಂಟಿ ಸಿಸ್ಟರ್ ಎನ್ನುತ್ತಾರೆ, ಅನ್ನಲಿ. ಮಾಮ ತಿರುಗಿ ಬರುವುದಿಲ್ಲ. ಆ ಹಾಳೆ ಮಾತ್ರ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನ್ನ ಕೈಬರಹದಲ್ಲಿ ಹಾಗೇ ಇದೆ. ಜೀವಮಾನದಲ್ಲಿ ಒಂದು ಚೀಲವನ್ನೂ ತೂಗದೆ ಬರೆಯದ ಮನುಷ್ಯನನ್ನು ನಾನು ತೂಗದೆ ಬರೆದೆ.