ಮಗಳು ಕೇಳಿದ ಗಾಜಿನ ಓಲೆ

ಗಾಜಿನ ಕೆಲಸ ಹಿಡಿದು ಐದಾರು ವರ್ಷವಾದರೂ ನನ್ನ ಮಗಳು ನಾನು ಮಾಡಿದ ಒಂದೇ ಒಂದು ಓಲೆಯನ್ನೂ ಹಾಕಿಕೊಂಡಿರಲಿಲ್ಲ. ಫರೀದಾಬಾದಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕರೆಂಟಿನ ಪುಟ್ಟ ಕುಲುಮೆ ಇಟ್ಟುಕೊಂಡು, ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ, ಕರಗಿಸಿ, ಓಲೆ ಪದಕ ಮಾಡಿ ಮಾರುತ್ತೇನೆ. ಊರಿಗೆಲ್ಲ ಬೇಕು, ಇವಳೊಬ್ಬಳಿಗೆ ಬೇಡ. ಹೊಟ್ಟೆ ಉರಿಯುವುದಿಲ್ಲವೇ?

ಅಷ್ಟರಲ್ಲಿ ಅವಳ ಹನ್ನೆರಡನೇ ತರಗತಿಯ ಫೇರ್‌ವೆಲ್ ಬಂತು. ಅವತ್ತು ಇಲ್ಲಿನ ಹುಡುಗಿಯರೆಲ್ಲ ಅಮ್ಮಂದಿರ ಸೀರೆ ಉಟ್ಟು ಹೋಗುತ್ತಾರೆ. ನನ್ನ ನವಿಲುಬಣ್ಣದ ರೇಷ್ಮೆ ಸೀರೆಯನ್ನು ಹೆಗಲಿಗೆ ಹಾಕಿ ನೋಡಿಕೊಳ್ಳುತ್ತ, “ಮಮ್ಮಿ, ಇದಕ್ಕೆ ಮ್ಯಾಚಿಂಗ್ ಇಯರಿಂಗ್ಸ್ ನೀನೇ ಮಾಡಿಕೊಡು, ಬನಾ ದೋ ನಾ,” ಎಂದಳು. ಕುಣಿದಾಡುವಷ್ಟು ಖುಷಿಯಾಯಿತು ನನಗೆ.

ಗಾಜು ಕರಗಿಸುವುದು ಸುಲಭ, ತಣಿಸುವುದು ಕಷ್ಟ. ಮುಚ್ಚಿದ ಕುಲುಮೆಯೊಳಗೇ ನಿಧಾನವಾಗಿ ಆರಬೇಕು. ತಣ್ಣನೆಯ ಗಾಳಿ ತಾಗಿದರೆ ಸೀಳಿಹೋಗುತ್ತದೆ. ನಮ್ಮ ಅತ್ತೆಯೋ, ಮಂಡಿನೋವು ಬರುವವರೆಗೆ ನಮ್ಮ ಹೋಟೆಲಿನ ಅಡುಗೆಮನೆ ಆಳಿದವರು. ಮುಚ್ಚಿದ ಪಾತ್ರೆ ಕಂಡರೆ ತೆಗೆದು ನೋಡಲೇಬೇಕು. ಫೇರ್‌ವೆಲ್‌ನ ಹಿಂದಿನ ದಿನ ನಾನು ತರಕಾರಿ ತರುವಷ್ಟರಲ್ಲಿ, ಇಡ್ಲಿ ಬೆಂದಿದೆಯೋ ಎಂದು ನೋಡುವ ಹಾಗೆ, ಸೆರಗಿನಲ್ಲಿ ಹಿಡಿದು ಕುಲುಮೆಯ ಮುಚ್ಚಳ ಎತ್ತಿದ್ದರು. ಎರಡೂ ಓಲೆ ಒಡೆದಿದ್ದವು.

“ಅತ್ತೆ! ಇದೇನು ಇಡ್ಲಿ ಪಾತ್ರೆಯೇ?” ಎಂದು ಕೂಗಾಡಿದೆ.

“ಎಂಥ ಮಾರಾಯ್ತಿ, ಚೂರು ನೋಡಿದ್ದಷ್ಟೇ,” ಎಂದವರು ರಾತ್ರಿ ಊಟಕ್ಕೂ ಏಳಲಿಲ್ಲ.

ಮತ್ತೆ ಗಾಜು ಕತ್ತರಿಸಿ, ಜೋಡಿಸಿ, ಕುಲುಮೆ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಆ ಚಳಿಯಲ್ಲಿ ಅತ್ತೆ ಶಾಲು ಹೊದ್ದು ಕುಲುಮೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ಮಗಳು ಸೀರೆ ಉಟ್ಟು ತಯಾರು. ಕೆಳಗೆ ಕ್ಯಾಬ್ ಹಾರ್ನ್ ಹೊಡೆಯುತ್ತಿದೆ. ಕುಲುಮೆ ಇನ್ನೂ ಬಿಸಿ. ಆದದ್ದಾಗಲಿ ಎಂದು ನಾನೇ ಮುಚ್ಚಳಕ್ಕೆ ಕೈ ಹಾಕಿದೆ.

ಅತ್ತೆ ಪಟ್ಟನೆ ಕೈಗೆ ಹೊಡೆದರು. “ಮುಟ್ಟಬೇಡ! ನೀನೇ ಹೇಳಿದ್ದಲ್ಲವಾ? ಅವಳು ಹೋಗಲಿ. ನಾವು ಆಮೇಲೆ ಕೊಂಡುಹೋಗಿ ಕೊಡುವ.”

ಮಗಳು ಮುಖ ಸಪ್ಪಗೆ ಮಾಡಿಕೊಂಡು ಬರಿಗಿವಿಯಲ್ಲೇ ಹೊರಟಳು.

ಒಂದು ಗಂಟೆ ಕಳೆದ ಮೇಲೆ ತೆರೆದೆವು. ಅಬ್ಬಬ್ಬಾ, ಎಷ್ಟು ಚೆಂದ! ಒಂದು ಬಿರುಕೂ ಇರಲಿಲ್ಲ. ಮೆಟ್ಟಿಲಿಳಿಯಲು ಗೊಣಗುವ ಅತ್ತೆ ನನಗಿಂತ ಮೊದಲು ಆಟೋ ಹತ್ತಿದರು. ನಾನು ಆಟೋದಲ್ಲೇ ಇಕ್ಕಳ ಹಿಡಿದು ಓಲೆಗೆ ಕೊಕ್ಕೆ ಸಿಕ್ಕಿಸುತ್ತಿದ್ದರೆ, ಅವರು ರಸ್ತೆಯ ಒಂದೊಂದು ಉಬ್ಬಿಗೂ “ಭಯ್ಯಾ, ಧೀರೆ! ನಿಧಾನ ಮಾರಾಯಾ!” ಎಂದು ಕೂಗುತ್ತಿದ್ದರು.

ಫೋನ್ ಮಾಡಿದ್ದೇ ತಡ, ಮಗಳು ನೆರಿಗೆ ಎತ್ತಿಕೊಂಡು ಶಾಲೆಯ ಗೇಟಿಗೆ ಓಡಿಬಂದಳು. ಅಲ್ಲೇ ನಿಂತು ಹಾಕಿಕೊಂಡಳು. ಬಿಸಿಲಿಗೆ ಓಲೆ ಥಳಥಳ ಹೊಳೆದವು. ಗೆಳತಿಯರು ಮುತ್ತಿಕೊಂಡು, ಯಾರು ಮಾಡಿದ್ದೆಂದು ತಿಳಿಯುವ ಆತುರದಲ್ಲಿ, “ಕಿಸ್ನೇ ಬನಾಯಾ?” ಎಂದು ಕೇಳಿದರು.

ಅವಳು ನನ್ನತ್ತ ಕಣ್ಣು ಮಿಟುಕಿಸಿ, ಅತ್ತೆಯನ್ನು ತಬ್ಬಿಕೊಂಡು, “ಮೇರಿ ಅಜ್ಜಿ ನೇ!” ಎಂದಳು.

ಎಲಾ ಇವಳ! ಗಾಜು ಕತ್ತರಿಸಿ ಬೆರಳು ಕೊಯ್ದುಕೊಂಡವಳು ನಾನು. ಹೇಳಿಯೇಬಿಡೋಣವೆಂದು ಬಾಯಿ ತೆರೆದವಳು ಅತ್ತೆಯ ಮುಖ ನೋಡಿದೆ. ಹೋಟೆಲು ಬಿಟ್ಟ ಮೇಲೆ ಅವರ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ಚೀಲದೊಳಗೆ ಬಚ್ಚಿಟ್ಟೆ.

ಅತ್ತೆ ಅಲ್ಲವೆನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಹುಡುಗಿಯರನ್ನೆಲ್ಲ ಒಮ್ಮೆ ನೋಡಿ, ಇನ್ನು ಯಾರಿಗೆ ಬೇಕೆಂದು ಹೋಟೆಲಿನಲ್ಲಿ ವಿಚಾರಿಸುವ ಹಾಗೆ, “ಔರ್ ಕಿಸ್ಕೋ ಚಾಹಿಯೇ?” ಎಂದು ಕೇಳಿಯೇಬಿಟ್ಟರು.