ಒಂದು ಅಂತರಾ ಹುಡುಕಿಕೊಂಡು ಠಾಣೆ, ಕಲ್ಯಾಣ

ಆ ಶನಿವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಚಾಳಿನ ನಲ್ಲಿಗೆ ನೀರು ಬಂದಾಗ ನಮ್ಮ ಯಜಮಾನರು ಗ್ಯಾಲರಿಯಲ್ಲಿ ನಿಂತು ಹಾಡಿದರು: "ನೀರ ಬಂತ, ಕೊಡ ತಾರೇ." ಕರೆದದ್ದು ನನ್ನನ್ನೇ. ಆದರೆ ಅದು ಅವರ ಹೊಸ ಚೀಜು. ರಾಗದಲ್ಲಿ ಕಟ್ಟಿದ ಹಾಡಿಗೆ ನಮ್ಮ ಧಾರವಾಡದ ಕಡೆ ಹಾಗೆನ್ನುತ್ತಾರೆ. ಅವರು ಮೊದಲು ಸ್ವರ ಕಟ್ಟಿ, ತಕ್ಕ ಮಾತು ಸಿಗುವ ತನಕ ಮನೆಯ ಮಾತನ್ನೇ ಅದಕ್ಕೆ ತುಂಬುತ್ತಿದ್ದರು.

"ತಿಂಗಳಾತು, ಬರೇ ಸ್ಥಾಯೀನ ಹಾಡಾಕತ್ತೀರಿ. ಅಂತರಾ ಎಲ್ಲಿ?" ಎಂದೆ. ಸ್ಥಾಯಿ ಹಾಡಿನ ಮೊದಲರ್ಧ; ಅಂತರಾ ಮೇಲಿನ ಷಡ್ಜಕ್ಕೆ ಏರುವ ಉಳಿದರ್ಧ.

"ನಿನ್ನ ಕೊಡ ತುಂಬೂದರಾಗ ಅಂತರಾ ಬರ್ತದೇನ? ಮಾಗಲಿ ತಡಿ" ಎಂದು ನಕ್ಕರು.

ಮರುದಿನ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ಏಳಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕನ್ನಡ ಸಂಘದವರು ಬಂದರು. ಬರುವ ಭಾನುವಾರ ಸ್ಮರಣೆಯ ಕಾರ್ಯಕ್ರಮ, ಕೊನೆಯ ಚೀಜನ್ನು ಪೂರ್ತಿ ಹಾಡಿಸಬೇಕು ಎಂದರು. ನಮ್ಮವರು ಏನನ್ನೂ ಬರೆದಿಟ್ಟವರಲ್ಲ. "ಬರದರ ಹಾಡು ಅಲ್ಲೇ ಕುಂತುಬಿಡ್ತದ" ಎನ್ನುತ್ತಿದ್ದರು. ಈ ಚೀಜು ಇದ್ದದ್ದು ಇಬ್ಬರು ಶಿಷ್ಯರ ಬಾಯಲ್ಲಿ. ಠಾಣೆಯಲ್ಲಿ ಹೋಟೆಲು ನಡೆಸುವ ಸದಾಶಿವ ಶೆಟ್ಟರು ಒಬ್ಬರು, ಕಲ್ಯಾಣದ ಮಾಲತಿ ಇನ್ನೊಬ್ಬಳು. ನನ್ನ ಮುಂದೆ ಹಾಡದಿದ್ದರೂ ಇಬ್ಬರಲ್ಲಿ ಒಬ್ಬರಿಗಾದರೂ ಅಂತರಾ ಕೊಟ್ಟಿರಬೇಕು ಎಂದು ಹೊರಟೆ.

ಸ್ಲೋ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸಿಕ್ಕಿತು. ದೀಪಾವಳಿ ಕಳೆದಿದ್ದರೂ ಸೆಕೆ ಹೋಗಿರಲಿಲ್ಲ. ಮುಂಬ್ರಾದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ, ಒಳಕ್ಕೆ ಚಾಚಿದ ಕಡಲ ನೀರು. ಹೊಸದಾಗಿ ಬಂದಾಗ ಈ ಗುಡ್ಡ ನೋಡಿ ನಮ್ಮವರು ಗಾಡಿಯಲ್ಲೇ ತಾನ ಹೊಡೆದಿದ್ದರು. ಆಗಿನ ಅವರ ಚೀಜುಗಳು ಹಾಗೇ ಇದ್ದವು, ಏರಿದ್ದೇ ಏರಿದ್ದು, ಇಳಿಯುವ ಮಾತೇ ಇಲ್ಲ. ಆಮೇಲೆ ಪಕ್ಕದ ಖೋಲಿಗೆ ರಾತ್ರಿಪಾಳಿಯವರೊಬ್ಬರು ಬಂದರು. ಅವರು ಹಗಲು ಮಲಗಬೇಕು, ನಡುವೆ ಇದ್ದದ್ದು ಹಲಗೆಯ ಗೋಡೆ. ನಮ್ಮವರು ದನಿ ತಗ್ಗಿಸಿದರು. ವರ್ಷಗಟ್ಟಲೆ ಮಂದ್ರದಲ್ಲೇ ಹಾಡಿ, ಮಂದ್ರದಲ್ಲೇ ಕಟ್ಟಿದರು. ಕೇಳಿದವರು ಹೊಸ ಶೈಲಿ ಎಂದು ಹೊಗಳಿದರೆ, "ಗ್ವಾಡಿ ಕಲಿಸಿದ್ದು" ಎನ್ನುತ್ತಿದ್ದರು. ನೆರೆಯವರು ಬೇರೆ ಕಡೆ ಹೋದ ಮೇಲೂ ಅವರು ಮೊದಲಿನಂತೆ ಕೂಗಲಿಲ್ಲ. ಇಡೀ ಚೀಜಿನಲ್ಲಿ ಒಂದೇ ಒಂದು ಸಲ, ಅಂತರಾದಲ್ಲಿ, ಮೇಲೆ ಹೋಗಿ ಬರುತ್ತಿದ್ದರು. "ಒಮ್ಮೆ ಸಾಕು. ಆದರ ಖರೇ ಹೋಗಬೇಕು." ಪಕ್ಕದಲ್ಲಿ ತಂಬೂರಿ ಮೀಟುತ್ತಿದ್ದ ನನಗೆ ಪ್ರತಿ ಸಲವೂ ಆ ಜಾಗದಲ್ಲಿ ಮೈ ಜುಮ್ಮೆನ್ನುತ್ತಿತ್ತು.

ಠಾಣೆಯಲ್ಲಿ ಶೆಟ್ಟರು ಗಲ್ಲಾ ಬಿಟ್ಟು ಓಡಿ ಬಂದರು. "ಬನ್ನಿ ಅಕ್ಕ, ಕೂತ್ಕೊಳ್ಳಿ. ಒಂದು ಇಡ್ಲಿಯಾದ್ರೂ ತಿನ್ನಿ ಮಾರಾಯ್ರೆ, ಗುರುಗಳು ನಾಲ್ಕು ತಿಂದು 'ಚಟ್ನಿ ಬೇಸೂರು, ಶ್ರುತಿಗೆ ಕೂಡಿಲ್ಲ' ಅಂತಿದ್ರು." ನಾನು ಬಂದ ಕೆಲಸ ಹೇಳಿದೆ. ಅವರು ಕಣ್ಣು ಮುಚ್ಚಿ ಸ್ಥಾಯಿ ಹಾಡಿದರು. ತುಂಬಿದ ದನಿ, ದಪ್ಪ ಗಮಕ. ನಮ್ಮವರು ಮೂವತ್ತರಲ್ಲಿ ಹೀಗೆಯೇ ಹಾಡುತ್ತಿದ್ದರು. ಮುಗಿಸಿ, "ಅಂತರಾ ನನ್ನ ಹತ್ರ ಎಲ್ಲುಂಟು ಅಕ್ಕ? ಅದು ಮಾಲತಿಗೆ ಆಗಿದೆ ಅಂತಲೇ ನಾನು ತಿಳ್ಕೊಂಡದ್ದು" ಎಂದರು.

ಕಲ್ಯಾಣದ ಗಾಡಿ ಹಿಡಿದೆ. ನಡುವೆ ನನ್ನದೇ ಡೊಂಬಿವಲಿ ಬಂತು. ಆ ಸೇತುವೆಯ ಮೆಟ್ಟಿಲ ಮೇಲೆ ಜನ ಇಳಿಯುತ್ತಿದ್ದರು. ನಾನು ಖಾಡಿಯ ಕಡೆ ನೋಡುತ್ತ ಕೂತೆ.

ಮಾಲತಿ ಬಿಜಾಪುರದವರ ಮಗಳು, ಹುಟ್ಟಿದ್ದು ಕಲ್ಯಾಣದಲ್ಲಿ. ಕನ್ನಡದಲ್ಲಿ ಕೇಳಿದರೆ ಹೆಚ್ಚಾಗಿ ಮರಾಠಿಯಲ್ಲಿ ಉತ್ತರ. "ಅಹೋ ಕಾಕೂ, ಅಂತರಾ ತರ್ ಶೆಟ್ಟೀಂಕಡೆ ಆಹೇ ನಾ?"

"ಅವರು ನಿನ್ನ ಕಡೆ ಅದ ಅಂತಾರವಾ."

ಅವಳ ಮುಖ ಸಣ್ಣಗಾಯಿತು. ಸ್ಥಾಯಿ ಒಬ್ಬರ ಬಾಯಿಗೆ ಹತ್ತಿದ ಮೇಲೇ ಅಂತರಾ ಕೊಡುವುದು ನಮ್ಮವರ ಪದ್ಧತಿ. ತನಗಿಂತ ಮೊದಲು ಇನ್ನೊಬ್ಬರಿಗೆ ಹತ್ತಿರಬೇಕು ಎಂದುಕೊಂಡು ಇಬ್ಬರೂ ಅಂತರಾ ಕೇಳಿರಲಿಲ್ಲ. ಮಾಲತಿ ತಗ್ಗಿದ ದನಿಯಲ್ಲಿ ಹಾಡಿದಳು. ಅದೇ ಸ್ಥಾಯಿ, ಆದರೆ ಇದು ಹಲಗೆಯ ಗೋಡೆಯ ಕಾಲದ ಹಾಡು. ಒಂದೇ ಚೀಜನ್ನು ಒಬ್ಬೊಬ್ಬರ ಗಂಟಲಿಗೆ ಅಳತೆ ತೆಗೆದು ಹೊಲಿದಂತೆ ಕೊಟ್ಟಿದ್ದರು.

"ಕಾಕೂ, ನಾನು ಒಂದು ಅಂತರಾ ಮಾಡ್ಲಾ? ಸರ್‌ ಸ್ಟೈಲ್‌ನಲ್ಲಿ?" ಎಂದು ಸ್ವಲ್ಪ ಹೊತ್ತು ಗುನುಗಿ, ಹಾಡಿಯೂ ತೋರಿಸಿದಳು. ಅವರದೇ ಎನ್ನುವ ಹಾಗಿತ್ತು. ಭಾನುವಾರ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಮಾತ್ರ ಮೈ ಜುಮ್ಮೆನ್ನಲಿಲ್ಲ.

"ಚಂದ ಅದ ಮಾಲತಿ. ನಿನ್ನ ಹೆಸರಲೆ ಒಂದು ಚೀಜು ಕಟ್ಟಿ ಅದರಾಗ ಹಾಡು. ಭಾನುವಾರ ಶೆಟ್ಟರು ಒಮ್ಮೆ, ನೀ ಒಮ್ಮೆ ಸ್ಥಾಯಿ ಹಾಡ್ರಿ. ತಂಬೂರಿ ನಾ ಹಿಡೀತೀನಿ. ಅಲ್ಲಿಗೆ ನಿಲ್ಲಸೋಣು."

"ಅರ್ಧಾನೇ? ಲೋಕ್ ಕಾಯ್ ಮ್ಹಣತೀಲ್?"

"ಜನ ಏನರೆ ಅನ್ನಲಿ. ಅವರು ಕೊಟ್ಟದ್ದು ಅಷ್ಟ."

ಸಂಜೆ ಡೊಂಬಿವಲಿಗೆ ಮರಳಿದಾಗ ಚಾಳಿನಲ್ಲಿ ನೀರಿನ ಹೊತ್ತು. ಯಾರೂ ಕರೆಯಲಿಲ್ಲ, ನಾನೇ ಕೊಡ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಸ್ಥಾಯಿ ಎರಡು ಊರಿನಲ್ಲಿ ಎರಡು ಥರ ಇದೆ. ಅಂತರಾ ಇಲ್ಲ.